ಐದು ಬಿಳಿ ಕಂಬ, ಒಂದು ಕರಿ ಕಂಬ

೧೪ ನವೆಂಬರ್ ೧೯೯೪, ಸೋಮವಾರ. ಸೊಲ್ಲಾಪುರ

ಈ ಸಿಟ್ಟನ್ನು ಎಲ್ಲಾದರೂ ಇಳಿಸದಿದ್ದರೆ ಇವತ್ತು ಊಟ ಸೇರುವುದಿಲ್ಲ. ಅದಕ್ಕೇ ಈ ವಹಿ ತೆಗೆದಿದ್ದೇನೆ. ಕಚೇರಿಯಲ್ಲಿ ಮರಾಠಿ, ನಕ್ಷೆಯ ಮೇಲೆ ಇಂಗ್ಲಿಷ್. ಸಿಟ್ಟು ಮಾತ್ರ ನನಗೆ ಅಕ್ಕಲಕೋಟೆಯ ಸಾಲೆಯಲ್ಲಿ ಕಲಿತ ಕನ್ನಡದಲ್ಲೇ ಬರುತ್ತದೆ. ನಮ್ಮ ಮನೆಯವರು ಮರಾಠಿ ಸಾಲೆಯಲ್ಲಿ ಕಲಿತವರು, ಕನ್ನಡ ಮಾತಾಡುತ್ತಾರೆಯೇ ಹೊರತು ಓದಲು ಬರುವುದಿಲ್ಲ. ಒಳ್ಳೆಯದೇ ಆಯಿತು.

ಬೆಳಿಗ್ಗೆ ನವಿ ಪೇಠದ ಬಟ್ಟೆ ವ್ಯಾಪಾರಿ ಸಾತಲಿಂಗಪ್ಪ ಶೇಠ ಕಚೇರಿಗೆ ಬಂದ. ಅಕ್ಕಲಕೋಟೆಯಲ್ಲಿ ಮಂಗಲ ಕಾರ್ಯಾಲಯ ಕಟ್ಟಿಸುತ್ತಾನಂತೆ. ಮೊದಲ ಮದುವೆ ಅವನ ಮಗಳದೇ, ಮೇ ತಿಂಗಳಲ್ಲಿ. ಕೈಯಲ್ಲಿ ಕ್ಯಾಲೆಂಡರಿನಿಂದ ಹರಿದ ಹಾಳೆ ಇತ್ತು. ಅದರಲ್ಲಿ ಗ್ರೀಸ್ ದೇಶದ ಗುಡ್ಡದ ಮೇಲಿನ ಮುರಿದ ಗುಡಿಯ ಚಿತ್ರ. ಸಾಲಾಗಿ ಕಂಬಗಳು, ಮೇಲೆ ಅರ್ಧ ಬಿದ್ದುಹೋದ ತ್ರಿಕೋನ.

"ಇದರ ಹಂಗ ಮಾಡ್ರಿ," ಎಂದ. "ಮುರದದ್ದು ಬಿಟ್ಟು."

ನಾನು ನಕ್ಕೆ. ನಮ್ಮ ಎಂಜಿನಿಯರ್ ತುಷಾರ ಸಾಹೇಬ ನಗಲಿಲ್ಲ. ನನಗಿಂತ ಹನ್ನೆರಡು ವರ್ಷ ಚಿಕ್ಕವನು, ಅಪ್ಪನ ಕುರ್ಚಿಯಲ್ಲಿ ಕೂತು ಎರಡು ವರ್ಷವಾಗಿಲ್ಲ. "ದ್ವಾರಕಾಬಾಯಿ, ಆರು ಕಂಬ ಹಾಕಿ ಮುಂಭಾಗದ ಒಂದು ಎಲಿವೇಶನ್ ಬರೆದುಕೊಡಿ," ಎಂದು ಮರಾಠಿಯಲ್ಲಿ ಹೇಳಿ ಒಳಗೆ ಹೋದ. ಕಳೆದ ವರ್ಷ ಕಿಲ್ಲಾರಿಯ ಭೂಕಂಪ ಆದಮೇಲೆ ಊರಿನ ಅರ್ಧ ಮಂದಿ ಗೋಡೆಯ ಬಿರುಕು ತೋರಿಸಲು ನಮ್ಮ ಬಾಗಿಲಿಗೆ ಬಂದಿದ್ದರು. ಈಗ ಇದು. ಅಕ್ಕಲಕೋಟೆಯ ಕೆಂಡದಂಥ ಬಿಸಿಲಿನಲ್ಲಿ, ಸ್ವಾಮಿ ದರ್ಶನಕ್ಕೆ ಬಂದವರ ನಡುವೆ, ಒಂದು ಗ್ರೀಕ್ ಗುಡಿ. ಒಳಗೆ ಪುರಿ-ಭಾಜಿ.

ನನಗೇನು? ನಾನು ಬರೀ ಗೆರೆ ಎಳೆಯುವವಳು.

೨೨ ನವೆಂಬರ್, ಮಂಗಳವಾರ

ತುಷಾರನ ಅಪ್ಪ, ನಮ್ಮ ದೊಡ್ಡ ಸಾಹೇಬರು, ಬಿಟ್ಟುಹೋದ ಕಪಾಟಿನಲ್ಲಿ ಕಟ್ಟಡಗಳ ಇತಿಹಾಸದ ಒಂದು ದಪ್ಪ ಪುಸ್ತಕವಿದೆ. ಅಳತೆಗೆಂದು ತೆಗೆದೆ. ಕಂಬದ ದಪ್ಪ ಇಷ್ಟಿದ್ದರೆ ಎತ್ತರ ಇಷ್ಟು, ನಡುವಿನ ಜಾಗ ಇಷ್ಟು ಎಂದು ಆ ಜನ ಎರಡೂವರೆ ಸಾವಿರ ವರ್ಷದ ಹಿಂದೆಯೇ ಗೊತ್ತುಮಾಡಿಕೊಂಡಿದ್ದರಂತೆ. ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದ್ದು ಚೆಂದಕ್ಕಲ್ಲ. ಮೇಲಿನ ತೊಲೆ ಕಲ್ಲಿನದು. ಕಲ್ಲು ಒತ್ತಿದರೆ ತಡೆಯುತ್ತದೆ, ಬಾಗಿಸಿದರೆ ಮುರಿಯುತ್ತದೆ. ಅದಕ್ಕೆ ಹೆಜ್ಜೆಗೊಂದು ಊರುಗೋಲು.

ಅವರಿಂದ ರೋಮಿನವರು ಕಲಿತರು, ರೋಮಿನವರಿಂದ ಇಂಗ್ಲಿಷರು, ಇಂಗ್ಲಿಷರು ತಂದು ಇಲ್ಲಿ ನೆಟ್ಟರು. ಬ್ಯಾಂಕು, ಕೋರ್ಟು, ಕಾಲೇಜು, ಕಲೆಕ್ಟರ ಕಚೇರಿ. ಈ ದೇಶದಲ್ಲಿ ಅರ್ಜಿ ಹಿಡಿದು ನಿಲ್ಲಬೇಕಾದ ಜಾಗದಲ್ಲೆಲ್ಲ ಆ ಕಂಬಗಳಿವೆ. ನಮ್ಮನ್ನು ಕಾಯಿಸಿದವರ ವೇಷವನ್ನೇ ನಾವು ಆಸೆಪಟ್ಟು ಹಾಕಿಕೊಳ್ಳುತ್ತೇವೆ. ಪುಸ್ತಕ ಮುಚ್ಚಿಟ್ಟೆ. ಆರು ಅಡಿಗೊಂದರಂತೆ ಆರು ಕಂಬ ಬರೆದೆ, ಕೆಳಗಿನಿಂದ ಮೇಲಿನವರೆಗೆ ಒಂದೇ ದಪ್ಪ. ಆ ಶೇಠನಿಗೆ ಅಷ್ಟು ಸಾಕು.

೧೮ ಜನವರಿ ೧೯೯೫, ಬುಧವಾರ

ಅಕ್ಕಲಕೋಟೆಗೆ ಹೋಗಿ ಬಂದೆ. ಅಲ್ಲಿಯ ಮೇಸ್ತ್ರಿ ಶಿವಶರಣಪ್ಪ ಎಂಬವನು. ನಾಗಣಸೂರಿನವನು, ಅರವತ್ತು ಇರಬೇಕು. ನಕ್ಷೆ ಹಿಡಿದು ಬಹಳ ಹೊತ್ತು ನೋಡಿ ನನಗೇ ಪಾಠ ಹೇಳಿದ.

"ಬಾಯಾರ, ಇದು ನೆಟ್ಟಗ ಮಾಡಿದ್ರ ಬಿಸಲಾಗ ನಡುವು ಸೊರಗಿದಂಗ ಕಾಣತದ್ರಿ. ತುಸು ಹೊಟ್ಟಿ ಕೊಡಬೇಕು. ಮ್ಯಾಲ ಸಣ್ಣ ಮಾಡಬೇಕು."

"ನಕ್ಷೆಯಲ್ಲಿ ಇದ್ದಷ್ಟು ಮಾಡು," ಎಂದೆ.

"ಮಾಡತೀನ್ರಿ. ಖರೆ ಚೆಂದ ಕಾಣೂದಿಲ್ಲ."

ಹದಿನಾರು ವರ್ಷದಿಂದ ಡ್ರಾಯಿಂಗ್ ಬೋರ್ಡಿನ ಮುಂದೆ ಕೂತವಳಿಗೆ ಗಾರೆ ಕಲಸುವವನು ಹೊಟ್ಟೆ ಕೊಡು ಎನ್ನುತ್ತಾನೆ. ಬಸ್ಸಿನಲ್ಲಿ ಉದ್ದಕ್ಕೂ ಉರಿದುಕೊಂಡು ಬಂದೆ. ಕಚೇರಿಗೆ ಹೋಗಿ ಪುಸ್ತಕ ನೋಡಿದ್ದು ಇನ್ನೊಂದು ತಪ್ಪು. ಗ್ರೀಕರೂ ಕಂಬದ ನಡುವಿಗೆ ತುಸು ಉಬ್ಬು ಕೊಡುತ್ತಿದ್ದರು ಎಂದು ಚಿತ್ರ ಸಮೇತ ಇದೆ, ಅದೇ ಕಾರಣಕ್ಕೆ. ಅದಕ್ಕೊಂದು ಹೆಸರೂ ಇದೆ. ಆ ಮನುಷ್ಯ ಆ ಹೆಸರನ್ನು ಕನಸಿನಲ್ಲೂ ಕೇಳಿರಲಿಕ್ಕಿಲ್ಲ.

ನಕ್ಷೆ ತಿದ್ದಿದೆ. ಅವನು ಹೇಳಿದ್ದಕ್ಕಲ್ಲ, ಪುಸ್ತಕದಲ್ಲಿ ಇದ್ದದ್ದಕ್ಕೆ.

೯ ಮಾರ್ಚ್, ಗುರುವಾರ

ಕಂಬ ನಿಂತವು. ಮೇಲೆ ಕಾಂಕ್ರೀಟಿನ ತೊಲೆ, ಅದರ ಮೇಲೆ ಇಟ್ಟಿಗೆಯ ತ್ರಿಕೋನ, ತ್ರಿಕೋನದೊಳಗೆ ಎರಡು ಆನೆಗಳ ನಡುವೆ ಲಕ್ಷ್ಮಿ. ಸಾತಲಿಂಗಪ್ಪ ಲಕ್ಷ್ಮಿಗೆ ಗುಲಾಬಿ ಬಣ್ಣ ಹೊಡೆಸಿದ್ದಾನೆ.

ಇಳಿಬಿಸಿಲಿಗೆ ಆರೂ ಕಂಬಗಳ ನೆರಳು ಮೆಟ್ಟಿಲ ಮೇಲೆ ಮಡಿಕೆ ಮಡಿಕೆಯಾಗಿ ಇಳಿದಿತ್ತು. ಐದೂವರೆಯ ಬಸ್ಸು ತಪ್ಪಿತು.

೧೭ ಏಪ್ರಿಲ್, ಸೋಮವಾರ

ಇವತ್ತು ಕಚೇರಿಯಲ್ಲಿ ದನಿ ಏರಿಸಿದೆ. ಹದಿನಾರು ವರ್ಷದಲ್ಲಿ ಮೊದಲ ಸಲ.

ಮದುವೆಯ ವಿಡಿಯೋ ತೆಗೆಯುವವನನ್ನು ಶೇಠ ಅಕ್ಕಲಕೋಟೆಗೆ ಕರೆದೊಯ್ದು ತೋರಿಸಿದ್ದಾನೆ. ಅವನು, ನಡುವಿನ ಎರಡು ಕಂಬ ಕ್ಯಾಮೆರಾಕ್ಕೆ ಅಡ್ಡ ಬರುತ್ತವೆ, ವರನ ಕುದುರೆ ಮೆಟ್ಟಿಲ ತನಕ ಬಂದದ್ದು ಕಾಣುವುದಿಲ್ಲ ಎಂದನಂತೆ. ಅಷ್ಟೇ. ಎರಡು ಕಂಬ ತೆಗೆಯಿರಿ ಎಂದು ಹುಕುಂ ಬಂತು.

"ಮೂರನೆಯದು, ನಾಲ್ಕನೆಯದು ತೆಗೆದರೆ ನಡುವೆ ಹದಿನೆಂಟು ಅಡಿ ಆಗುತ್ತದೆ," ಎಂದೆ ತುಷಾರನಿಗೆ. "ತೊಲೆಗೆ ಕೊಟ್ಟ ಕಬ್ಬಿಣ ಆರು ಅಡಿಯ ಲೆಕ್ಕದ್ದು. ಮೇಲೆ ಅಷ್ಟು ಇಟ್ಟಿಗೆ ಇದೆ."

"ಇದು ಗ್ರೀಕರ ಕಲ್ಲಲ್ಲ ಬಾಯಿ, ಆರ್‌ಸಿಸಿ. ತಡೆಯುತ್ತದೆ."

"ಲೆಕ್ಕ ಹಾಕಿ ನೋಡಿದಿರಾ?"

"ಆಮೇಲೆ ಕೆಳಗೊಂದು ಕಬ್ಬಿಣದ ಗರ್ಡರ್ ಕೊಟ್ಟರಾಯಿತು. ಮದುವೆ ಮುಗಿಯಲಿ." ಆಮೇಲೆ ನಗುತ್ತ, "ನೀವು ಡಿಸೈನ್ ಮಾಡಬೇಡಿ, ಬರೆದುಕೊಡಿ," ಎಂದ.

ಅಪ್ಪನ ಕುರ್ಚಿ. ಅಪ್ಪನ ಪೆನ್ನು. ಅಪ್ಪನ ತಲೆ ಮಾತ್ರ ಬರಲಿಲ್ಲ.

೧೮ ಏಪ್ರಿಲ್, ಮಂಗಳವಾರ

ಟ್ರೇಸಿಂಗ್ ಕಾಗದದ ಮೇಲಿನ ಶಾಯಿಯನ್ನು ಬ್ಲೇಡಿನಿಂದ ಕೆರೆಯಬೇಕಾಗುತ್ತದೆ. ಎರಡು ಕಂಬಕ್ಕೆ ಏಳು ನಿಮಿಷ. ಮೂಲೆಯಲ್ಲಿ ಎಂದಿನಂತೆ ನನ್ನ ಸಹಿ.

೨೩ ಏಪ್ರಿಲ್, ರವಿವಾರ

ಮನಸ್ಸು ತಡೆಯದೆ ಅಕ್ಕಲಕೋಟೆಗೆ ಹೋದೆ. ನಮ್ಮವರಿಗೆ ತಮ್ಮನ ಮನೆಗೆ ಹೋಗುತ್ತೇನೆಂದು ಹೇಳಿದೆ.

ಮೂರನೆಯ ಕಂಬ ಆಗಲೇ ಇರಲಿಲ್ಲ. ಬುಡದಲ್ಲಿ ನಾಲ್ಕು ಕಬ್ಬಿಣದ ಸರಳು ಮಾತ್ರ ಎದ್ದು ನಿಂತಿದ್ದವು. ನಾಲ್ಕನೆಯದು ಹಾಗೇ ಇತ್ತು. ತೊಲೆಯ ಕೆಳಗೆ ಮರದ ಬೊಡ್ಡೆಗಳ ಆಸರೆ ಕೊಟ್ಟು ಶಿವಶರಣಪ್ಪ ಅಲ್ಲೇ ಕೂತಿದ್ದ. ನನ್ನನ್ನು ನೋಡಿ ಏಳಲಿಲ್ಲ. ಬೆರಳೆತ್ತಿ ಮೇಲೆ ತೋರಿಸಿದ. ತೊಲೆಯಲ್ಲಿ ಕೂದಲೆಳೆಯಂಥ ಬಿರುಕು. ಅದರ ಮೇಲೆ ಅಡ್ಡ ಒಂದು ಕಾಗದದ ಪಟ್ಟಿ ಅಂಟಿಸಿದ್ದ.

"ಕಾಗದ ಹರೀತಂದ್ರ ಬಿರುಕು ದೊಡ್ಡದಾಗಾಕತ್ತದ ಅಂತ ತಿಳ್ಕೋರಿ," ಎಂದ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಇಷ್ಟು ಗೊತ್ತಿದ್ದವನು ಯಾಕ ಒಡದಿ?"

"ಇಷ್ಟು ಗೊತ್ತಿದ್ದವರು ನೀವ್ಯಾಕ ಬರದ್ರಿ? ನಕ್ಷಾದಾಗ ಕಂಬ ಇಲ್ಲ. ಮೂಲ್ಯಾಗ ನಿಮ್ಮ ಸಹಿ ಅದ."

ನೆಟ್ಟಗೆ ಬಸ್ಸಿಗೆ ನಡೆದೆ. ಹೇಳಬೇಕಾಗಿದ್ದೆಲ್ಲ ಬಾಯಿಗೆ ಬಂದದ್ದು ಬಸ್ಸಿನಲ್ಲಿ. ಅವನ ಮೇಲೆ ಇನ್ನೂ ಸಿಟ್ಟಿದೆ. ದಾರಿಯಲ್ಲಿ ಒಂದು ಮಾಳದ ಹತ್ತಿರ ಬಸ್ಸು ಕೆಟ್ಟು ಒಂದು ತಾಸು ನಿಂತಿತು. ಆ ಒಣಹುಲ್ಲಿನ ಬಯಲು ನೋಡುತ್ತ ಕೂತಾಗ ಸಿಟ್ಟು ಬೇರೆ ಯಾರ ಮೇಲೂ ನಿಲ್ಲದೆ ತಿರುಗಿ ತಿರುಗಿ ನನ್ನ ಕಡೆಗೇ ಬರುತ್ತಿತ್ತು.

೨೫ ಏಪ್ರಿಲ್, ಮಂಗಳವಾರ

ನಿನ್ನೆ ತುಷಾರನಿಗೆ ಬಿರುಕಿನ ವಿಷಯ ಹೇಳಿದೆ. ಪ್ಲಾಸ್ಟರಿನದಿರಬೇಕು ಎಂದ. ನೋಡಲು ಬನ್ನಿ ಎಂದರೆ ಪುಣೆಗೆ ಹೋಗುವುದಿದೆ ಎಂದ.

ಇವತ್ತು ಮಧ್ಯಾಹ್ನ ನೆಟ್ಟಗೆ ನವಿ ಪೇಠಕ್ಕೆ ನಡೆದೆ. ಲಗ್ನಸರಾಯಿ, ಮದುವೆಗಳ ಕಾಲ, ಅಂಗಡಿ ತುಂಬ ಜನ, ನೆಲದ ತುಂಬ ಸೀರೆ. ಸಾತಲಿಂಗಪ್ಪ ಗಾದಿಯ ಮೇಲಿಂದಲೇ, "ಬರ್ರಿ ಬಾಯಾರ, ಸೀರಿ ತೋರಸ್ಲಿ?" ಎಂದ.

"ನಿಮ್ಮ ಮಗಳ ತಲಿ ಮ್ಯಾಲ ಬೀಳೂ ತೊಲಿ ಬಗ್ಗೆ ಮಾತಾಡಾಕ ಬಂದೀನಿ," ಎಂದೆ.

ಗಿರಾಕಿಗಳೆಲ್ಲ ಸೀರೆ ಬಿಟ್ಟು ತಿರುಗಿ ನೋಡಿದರು. ಅವನ ಮುಖ ಕಪ್ಪಿಟ್ಟಿತು. ಬಟ್ಟೆಗೆ ಗುರುತು ಹಾಕುವ ಸುಣ್ಣದ ಕಡ್ಡಿ ತೆಗೆದುಕೊಂಡು ಕಟ್ಟೆಯ ಮೇಲೆ ಆರು ಗೆರೆ ಎಳೆದೆ, ಮೇಲೊಂದು ಅಡ್ಡಗೆರೆ. ಎರಡು ಗೆರೆ ಅಂಗೈಯಿಂದ ಒರೆಸಿದೆ. "ಈ ಭಾರ ಈಗ ಯಾರ ಹೊರಬೇಕ್ರಿ?"

"ಸಾಹೇಬ್ರು ಹೂಂ ಅಂದಾರ. ನೀವು ಗೆರಿ ಹೊಡಿಯೂ ಮಂದಿ, ನಿಮಗೇನ ಗೊತ್ತ?"

"ಅದ ತೊಲಿ ಕೆಳಗ ನಾ ಒಬ್ಬಾಕಿ ಹೋಗಿ ನಿಂತು ಬಂದೀನಿ. ನೀವೂ ಹೋಗಿ ನಿಲ್ರಿ."

ಕಪಾಟಿನ ಹತ್ತಿರ ನಿಂತಿದ್ದ ಒಬ್ಬ ಹುಡುಗಿ ಕಟ್ಟೆಯ ಮೇಲಿನ ಗೆರೆಗಳನ್ನೇ ನೋಡುತ್ತಿದ್ದಳು. ನಾನು ಹೊರಬಂದೆ. ಅಂಗೈಯ ಸುಣ್ಣ ಕಚೇರಿಯ ತನಕ ಹಾಗೇ ಇತ್ತು.

೨೬ ಏಪ್ರಿಲ್, ಬುಧವಾರ

ಕೆಲಸ ಹೋಯಿತು. "ನಾಳೆಯಿಂದ ಬರಬೇಡಿ," ತುಷಾರನದು ಅಷ್ಟೇ ಮಾತು. ನನ್ನ ಸ್ಕೇಲು, ಸೆಟ್‌ಸ್ಕ್ವೇರು ತೆಗೆದುಕೊಂಡು ಬಂದೆ. ದೊಡ್ಡ ಸಾಹೇಬರ ಪುಸ್ತಕವನ್ನೂ ಕೇಳದೆ ತಂದೆ.

ಇವರು ಕೋರ್ಟಿನಲ್ಲಿ ಗುಮಾಸ್ತರು. ದಿನವಿಡೀ ಜಗಳವನ್ನೇ ಬರೆದುಕೊಂಡು ಮನೆಗೆ ಬಂದು ಯಾರೂ ಜಗಳವಾಡಬಾರದು ಎನ್ನುವವರು. "ನಿನಗ್ಯಾಕ ಬೇಕಿತ್ತು ಊರ ಉಸಾಬರಿ?" ಎಂದರು. ಅವರ ತಾಟಿಗೆ ಭಾಕರಿಯನ್ನು ಇಟ್ಟೆನೋ ಎಸೆದೆನೋ ನೆನಪಿಲ್ಲ.

೨೮ ಏಪ್ರಿಲ್, ಶುಕ್ರವಾರ

ಅಂಗಡಿಯಲ್ಲಿದ್ದ ಹುಡುಗಿ ಮುಂಜಾನೆ ಮನೆ ಹುಡುಕಿಕೊಂಡು ಬಂದಳು. ಸಾತಲಿಂಗಪ್ಪನ ಮಗಳು ರೂಪಾಲಿ. ಮದುಮಗಳು ಅವಳೇ.

"ಕಾಕೂ, ನೀವು ಹೇಳಿದ್ದು ಖರೇನ?"

"ಬಾ, ತೋರಸ್ತೀನಿ," ಎಂದೆ.

ಇಬ್ಬರೂ ಬಸ್ಸು ಹತ್ತಿದೆವು. ದಾರಿಯಲ್ಲಿ ಅವಳೇ ಹೇಳಿದಳು. ಅವಳ ಅಜ್ಜ ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತು ಮಾರುತ್ತಿದ್ದರಂತೆ. ಒಮ್ಮೆ ಏನೋ ಕೆಲಸಕ್ಕೆ ಕಂಬಗಳಿದ್ದ ಒಂದು ದೊಡ್ಡ ಕಟ್ಟಡಕ್ಕೆ ಹೋದಾಗ, ಚಪರಾಸಿ ಮೆಟ್ಟಿಲು ಹತ್ತಗೊಡಲಿಲ್ಲವಂತೆ. ಸಂಜೆಯ ತನಕ ಬಿಸಿಲಿನಲ್ಲಿ ಕೂರಿಸಿ ವಾಪಸು ಕಳಿಸಿದನಂತೆ. ಪಕ್ಕದಲ್ಲಿ ಕೂತಿದ್ದ ಅವಳಪ್ಪನಿಗೆ ಆಗ ಎಂಟು ವರ್ಷ. "ಅಪ್ಪಾ ಆ ಕಂಬ ಮರ್ತಿಲ್ರಿ," ಎಂದಳು.

ಕಂಬ ಬೇಕೆಂದದ್ದಕ್ಕೆ ನಕ್ಕವಳು ನಾನು. ಕಂಬ ಮರೆಯದ ಮನುಷ್ಯ ಒಂದು ಕ್ಯಾಮೆರಾಕ್ಕಾಗಿ ಅವನ್ನೇ ಕಡಿಸುತ್ತಾನಲ್ಲ ಎಂಬ ಸಿಟ್ಟು ಮಾತ್ರ ಎರಡು ಪಟ್ಟಾಯಿತು.

ಕಾಗದದ ಪಟ್ಟಿ ನಟ್ಟನಡುವೆ ಹರಿದಿತ್ತು. ಶಿವಶರಣಪ್ಪ ಏಣಿ ಹಿಡಿದ, ರೂಪಾಲಿ ಹತ್ತಿ ನೋಡಿದಳು. ಬಿರುಕಿನೊಳಗೆ ಉಗುರಿನ ತುದಿ ಹೋಯಿತು. ಇಳಿದು ಬಂದು ಬಹಳ ಶಾಂತವಾಗಿ, "ಕಂಬ ತಿರುಗಿ ನಿಲ್ಲೂ ತನಕ ನಾ ಈ ಮೆಟ್ಲಾ ಹತ್ತೂದಿಲ್ಲ," ಎಂದಳು. ನನ್ನ ಅರ್ಧ ವಯಸ್ಸು ಅವಳಿಗೆ. ನಾನು ಏಪ್ರಿಲ್ ಹದಿನೆಂಟಕ್ಕೆ ಆಡಬೇಕಿದ್ದ ಮಾತು ಅದು.

೨ ಮೇ, ಮಂಗಳವಾರ

ಸಾತಲಿಂಗಪ್ಪ ಅಕ್ಕಲಕೋಟೆಗೆ ಬಂದ. ನಾನೂ ಇದ್ದೆ. ಕರೆದವರು ಯಾರೂ ಇಲ್ಲ, ಹೋಗಿದ್ದೆ. ಅವನು ಹರಿದ ಪಟ್ಟಿ ನೋಡಿದ, ಮಗಳನ್ನು ನೋಡಿದ, ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. ಹಾಗೆ ನಿಂತಾಗ ಎಂಟು ವರ್ಷದವನ ಹಾಗೆ ಕಂಡ. ಕನಿಕರ ಬರುವುದರೊಳಗೆ, "ಸಿಮೆಂಟಿಂದು ಹೊಸಾದು ಹಾಕ್ರಿ, ನಾಳಿಗೇ," ಎಂದ.

"ಸಿಮೆಂಟ್ ಗಟ್ಟಿ ಆಗಾಕ ತಿಂಗಳ ಬೇಕ್ರಿ. ಲಗ್ನ ಇಪ್ಪತ್ತೊಂದಕ್ಕ ಅದ," ಎಂದರು ಶಿವಶರಣಪ್ಪ. ಸ್ವಲ್ಪ ಹೊತ್ತು ಮಣ್ಣಿನಲ್ಲಿ ಬೆರಳಾಡಿಸಿ, "ಕಲ್ಲಿಂದು ನಿಲ್ಲಸೂಣು. ಕಲ್ಲು ಗಟ್ಟಿ ಆಗೇ ಇರತದ. ನಮ್ಮೂರಾಗ ರೋಣಗಲ್ಲು ಬೇಕಾದಷ್ಟು ಬಿದ್ದಾವ. ರಾಶಿ ಮಷಿನ್ ಬಂದಮ್ಯಾಲ ಯಾರೂ ಮುಟ್ಟೂದಿಲ್ಲ," ಎಂದರು.

ಕಣದಲ್ಲಿ ಜೋಳದ ತೆನೆಯ ಮೇಲೆ ಎತ್ತು ಕಟ್ಟಿ ಉರುಳಿಸುವ ಕರಿಕಲ್ಲು. ಒಂದೂವರೆ ಅಡಿ ದಪ್ಪ, ಎರಡೂಮುಕ್ಕಾಲು ಅಡಿ ಉದ್ದ. ಒಂದರ ಮೇಲೊಂದು ನಾಲ್ಕು ಇಟ್ಟು, ಕೆಳಗೊಂದು ಪೀಠ ಕೊಟ್ಟರೆ ತೊಲೆ ಮುಟ್ಟುತ್ತದೆ. ನಾನು ಮಣ್ಣಿನಲ್ಲೇ ಲೆಕ್ಕ ಹಾಕಿದೆ. ಎರಡು ಸಲ ಹಾಕಿದೆ. ಹಳೆಯ ಕಂಬಕ್ಕಿಂತ ಹೆಚ್ಚು ಭಾರ ತಡೆಯುತ್ತದೆ.

"ಕರೀದು ಕಾಣತದಲ್ರಿ," ಎಂದ ಸಾತಲಿಂಗಪ್ಪ. "ಐದು ಬಿಳೇವು, ಒಂದು ಕರೀದು. ಮಂದಿ ನಗ್ತಾರ."

"ನಗಲಿ," ಎಂದೆ. ಕೂಗಿದೆ ಎಂದು ರೂಪಾಲಿ ಆಮೇಲೆ ಹೇಳಿದಳು.

೧೦ ಮೇ, ಬುಧವಾರ

ಮೈಕೈ ನೋವು. ಬರೆಯಲೇಬೇಕು.

ರೋಣಗಲ್ಲಿನ ಎರಡೂ ತುದಿಗೆ ನಟ್ಟನಡುವೆ ಒಂದೊಂದು ಕುಳಿ ಇರುತ್ತದೆ, ಉರುಳುವಾಗ ಕಬ್ಬಿಣದ ಗೂಟ ಕೂಡುವ ಜಾಗ. ಶಿವಶರಣಪ್ಪನವರು ಎರಡು ಕಲ್ಲಿನ ಕುಳಿ ಎದುರುಬದುರು ಬರುವಂತೆ ಇಟ್ಟು, ನಡುವೆ ಕಬ್ಬಿಣದ ಗೂಟ ನಿಲ್ಲಿಸಿದರು. ಕಲ್ಲು ಆಚೆ ಈಚೆ ಸರಿಯಬಾರದು ಎಂದು. ನಾನು ಚೀಲದಿಂದ ಪುಸ್ತಕ ತೆಗೆದೆ. ಕೈಗೆ ಸುಣ್ಣ, ಹಾಳೆಗೂ ಸುಣ್ಣ. ಗ್ರೀಕರ ಕಂಬವೂ ಒಂದೇ ಕಲ್ಲಲ್ಲ. ಹೀಗೇ ತುಂಡು ತುಂಡು, ಪ್ರತಿ ತುಂಡಿನ ನಡುವೆ ಹೀಗೇ ಕುಳಿ, ಕುಳಿಯಲ್ಲಿ ಮರದ ಗೂಟ. ಚಿತ್ರ ತೋರಿಸಿದೆ.

ಅವರು ಕನ್ನಡಕ ಏರಿಸಿ ನೋಡಿದರು. "ಅವರೂ ರಾಶಿ ಮಾಡೂ ಮಂದೀನ ಇರಬೇಕ ಬಿಡ್ರಿ," ಎಂದು ಮತ್ತೆ ಉಳಿ ಹಿಡಿದರು.

ಕಲ್ಲಿನ ಒಂದು ತುದಿ ದಪ್ಪ, ಒಂದು ತುದಿ ಸಣ್ಣ. ಒಂದರ ತಲೆಗೆ ಇನ್ನೊಂದರ ಪಾದ ಕೂಡುವಂತೆ ಎಂಟು ದಿನ ಕೆತ್ತಿದ್ದಾರೆ. ಸರಪಳಿ ರಾಟೆ ಹಾಕಿ ಎತ್ತಿ, ಕೊನೆಯದನ್ನು ಅಟ್ಟಣಿಗೆಯ ಹಲಗೆಯ ಮೇಲಿಂದ ಅಡ್ಡ ಸರಿಸಿ ಕೂಡಿಸಿದರು. ನಾನೂ ಸರಪಳಿ ಜಗ್ಗಿದೆ. ತೊಲೆಗೂ ಕಲ್ಲಿಗೂ ನಡುವೆ ಉಳಿದ ಎರಡು ಬೆರಳು ಸಂದಿನಲ್ಲಿ ಕಬ್ಬಿಣದ ಬೆಣೆ ಹೊಡೆದರು. ಮೂರನೆಯ ಬೆಣೆಗೆ ಸದ್ದು ಬದಲಾಯಿತು.

"ಈಗ ಹೊತ್ತದ," ಎಂದರು.

ಬೊಡ್ಡೆಗಳನ್ನು ಒಂದೊಂದಾಗಿ ತೆಗೆದೆವು. ಹೊಸ ಕಾಗದದ ಪಟ್ಟಿಯನ್ನು ನಾನೇ ಏಣಿ ಹತ್ತಿ ಅಂಟಿಸಿದೆ. ಬೆಳಿಗ್ಗೆಯಿಂದ ಊಟ ಮಾಡಿಲ್ಲವೆಂದು ಬಸ್ಸು ಹತ್ತಿದ ಮೇಲೆ ನೆನಪಾಯಿತು.

೧೬ ಮೇ, ಮಂಗಳವಾರ

ಪಟ್ಟಿ ಹರಿದಿಲ್ಲ. ಕರಿ ಕಂಬಕ್ಕೆ ಬಿಳಿ ಬಣ್ಣ ಹೊಡೆಯಲು ಇಬ್ಬರು ಡಬ್ಬಿ ಹಿಡಿದು ಬಂದಿದ್ದರು. ವಾಪಸು ಕಳಿಸಿದೆ. ಯಾವ ಅಧಿಕಾರದಿಂದ ಎಂದು ಅವರು ಕೇಳಲಿಲ್ಲ, ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

೨೧ ಮೇ, ರವಿವಾರ. ಅಕ್ಕಲಕೋಟೆ

ಮದುವೆಯಾಯಿತು. ಇವರೂ ಬಂದಿದ್ದರು, ಬೇಡವೆನ್ನುತ್ತಲೇ ಇಸ್ತ್ರಿ ಅಂಗಿ ಹಾಕಿಕೊಂಡು. ಕುದುರೆ ಮೆಟ್ಟಿಲ ಕೆಳಗೇ ನಿಂತಿತು. ವರ ಇಳಿದು ನಡೆದು ಬಂದ. ಅವನ ಕಾಲೇನೂ ಸವೆಯಲಿಲ್ಲ. ವಿಡಿಯೋದವನು ಮೊದಲು ಗೊಣಗಿದ, ಆಮೇಲೆ ಕರಿ ಕಂಬಕ್ಕೆ ಒರಗಿಸಿ ಎಲ್ಲರ ಫೋಟೋ ತೆಗೆಯತೊಡಗಿದ.

ಊಟಕ್ಕೆ ಶಿವಶರಣಪ್ಪನವರನ್ನು ಹಿಂದಿನ ಪಂಗತಿಗೆ ಕಳಿಸುತ್ತಿದ್ದರು. ನಾನು ಹೋಗಿ ಕರೆತಂದು ನನ್ನ ಪಕ್ಕ ಕೂರಿಸಿಕೊಂಡೆ. ಬಡಿಸುವವನು ಒಂದು ಗಳಿಗೆ ನಿಂತ. ನಾನು ಅವನ ಮುಖ ನೋಡಿದೆ. ಬಡಿಸಿದ.

ಸಾತಲಿಂಗಪ್ಪ ನನಗೆ ಕೈ ಮುಗಿದರು. ಕ್ಷಮೆ ಕೇಳಿದರೆಂದಲ್ಲ. ನಾನೂ ಮುಗಿದೆ. ತುಷಾರ ಬಂದಿರಲಿಲ್ಲ.

೬ ಜೂನ್, ಮಂಗಳವಾರ. ಸೊಲ್ಲಾಪುರ

ಇವತ್ತು ಬಂದ. ತುಷಾರ, ನಮ್ಮ ಮನೆಗೆ, ಚಪ್ಪಲಿ ಬಿಟ್ಟು.

ಒಬ್ಬ ಬೆಲ್ಲದ ವ್ಯಾಪಾರಿ ಮದುವೆಯ ವಿಡಿಯೋ ನೋಡಿದ್ದಾನೆ. ತನ್ನ ಬಂಗಲೆಗೂ ಅದೇ ಬೇಕಂತೆ, ಐದು ಬಿಳಿ ಕಂಬ, ಒಂದು ಕರಿ. ನವಿ ಪೇಠದಲ್ಲಿ ಸಾತಲಿಂಗಪ್ಪ ಅದು ಹೊಸ ಸ್ಟೈಲು ಎಂದು ಹೇಳುತ್ತಿದ್ದಾರಂತೆ. "ಐದು ಆರ್‌ಸಿಸಿ. ಕರಿಯದು ಒಳಗೆ ಪೊಳ್ಳು ಇದ್ದರೂ ನಡೆಯುತ್ತದೆ, ಬರೀ ಬಣ್ಣ ಹೊಡೆದರಾಯಿತು," ಎಂದ. "ನೀವೇ ಬರೆದುಕೊಡಬೇಕು ಬಾಯಿ. ಬೇರೆ ಯಾರಿಗೂ ಬರುವುದಿಲ್ಲ."

ತಲೆ ಸುಟ್ಟುಹೋಯಿತು. ಪುಸ್ತಕದಲ್ಲಿ ಒಂದು ಮಾತಿದೆ. ಗ್ರೀಕರು ಮೊದಲು ಮರದಲ್ಲೇ ಗುಡಿ ಕಟ್ಟುತ್ತಿದ್ದರಂತೆ. ಕಲ್ಲಿಗೆ ಬಂದ ಮೇಲೂ ಮರದ ತೊಲೆಯ ತುದಿ, ಮರದ ಮೊಳೆ ಎಲ್ಲವನ್ನೂ ಕಲ್ಲಿನಲ್ಲಿ ಕೆತ್ತುತ್ತಲೇ ಹೋದರಂತೆ. ಅವುಗಳಿಗೆ ಕೆಲಸ ಇರಲಿಲ್ಲ, ಕೈಬಿಡಲಾಗಲಿಲ್ಲ. ಇದು ಹೀಗೆಯೇ ಶುರುವಾಗುತ್ತದೆ ಎಂದು ಕಣ್ಣೆದುರೇ ಕಂಡಿತು.

"ಪೊಳ್ಳು ಕಂಬ ನಾ ಬರಿಯೂದಿಲ್ಲ," ಎಂದೆ. ಅವನ ಎದುರು ಕನ್ನಡ ಬಂದುಬಿಟ್ಟಿತ್ತು. ಮತ್ತೆ ಮರಾಠಿಯಲ್ಲಿ ಹೇಳಿದೆ. "ಕರಿ ಕಂಬ ಬೇಕಿದ್ದರೆ ಅದು ಭಾರ ಹೊರಬೇಕು. ನಕ್ಷೆ ಬರೆಯುವ ಮೊದಲು ಶಿವಶರಣಪ್ಪನವರು ಬಂದು ಮೇಜಿಗೆ ಕೂರಬೇಕು. ಲೆಕ್ಕ ನನ್ನ ಎದುರಿಗೆ ಆಗಬೇಕು. ಆಮೇಲೆ ನನ್ನ ಸಹಿ."

"ಮೇಸ್ತ್ರಿಗೆ ಮೇಜಿನ ಹತ್ತಿರ ಏನು ಕೆಲಸ?"

"ಭಾರ ಎಲ್ಲಿಗೆ ಹೋಗುತ್ತದೆ ಎಂದು ಹೇಳುತ್ತಾರೆ. ನಿಮಗೂ ನನಗೂ ಹೇಳುತ್ತಾರೆ."

ಒಳಗಿನಿಂದ ಇವರು ಕೆಮ್ಮಿದರು. ಸುಮ್ಮನಿರು ಎಂಬ ಕೆಮ್ಮು. ತುಷಾರ ಬಾಗಿಲ ಬಳಿ ಬಿಟ್ಟ ಚಪ್ಪಲಿಯ ಕಡೆ ನೋಡಿದ. ಎದ್ದು ಹೋಗುತ್ತಾನೆ ಎಂದುಕೊಂಡೆ, ಹೋಗಲಿ ಎಂದೂ ಅಂದುಕೊಂಡೆ.

"ಎಷ್ಟು ರೋಣಗಲ್ಲು ಬೇಕಾಗುತ್ತವೆ?" ಎಂದು ಕೇಳಿದ.

ಎತ್ತರ ಎಷ್ಟು ಎಂದು ಕೇಳಿದೆ. ಹೇಳಿದ. ಐದು ಎಂದೆ. ಬರೆದುಕೊಂಡ.

ಚಹಾ ಮಾತ್ರ ಕೊಡಲಿಲ್ಲ.